ಸೋತ ದಿನದ ಲೆಕ್ಕ

2019ರ ದಸರಾ ರಜೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಹೆಸರು ಬೇಡ. “ಸರ್, ನಾನೀಗ ವೃತ್ತಿಪರ ಪೋಕರ್ ಆಟಗಾರ. ಕೆಲಸ ಬಿಡುತ್ತಿದ್ದೇನೆ. ಅಪ್ಪ ಒಪ್ಪುತ್ತಿಲ್ಲ, ನೀವೊಂದು ಮಾತು ಹೇಳಬೇಕು” ಎಂದು, ಮೂರು ತಿಂಗಳಲ್ಲಿ ಗೆದ್ದ ಮೊತ್ತವನ್ನು ಮೊಬೈಲಿನಲ್ಲಿ ತೋರಿಸಿದ.

ಇಸ್ಪೀಟೆಂದರೆ ಮೂಗು ಮುರಿಯುವ ಮನೆತನ ನಮ್ಮದು. ಆದರೂ ಗಣಿತ ಕಲಿಸಿದವನಿಗೆ ಬೈದು ಕಳಿಸುವುದು ಸರಿಯೆನಿಸಲಿಲ್ಲ. ಕಾಗದ ತೆಗೆದುಕೊಂಡು ಕುಳಿತೆ. 52 ಎಲೆಗಳಲ್ಲಿ ಕೈಗೆ ಬರುವ ಮೊದಲ ಎರಡೂ ಎಕ್ಕಗಳಾಗುವುದು ಸರಾಸರಿ 221 ಆಟಕ್ಕೊಮ್ಮೆ. ಅಂಥ ಜೋಡಿ ಹಿಡಿದು, ರಾಜರ ಜೋಡಿಯ ಎದುರು ಹಣವನ್ನೆಲ್ಲ ಒಡ್ಡಿದರೂ ನೂರರಲ್ಲಿ ಸುಮಾರು 18 ಬಾರಿ ಸೋಲೇ. ಆದ್ದರಿಂದ ಕೆಲವು ತಿಂಗಳ ಗೆಲುವು ಜಾಣ್ಮೆಗೆ ಸಾಕ್ಷಿಯಾಗದು.

2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಅಮೆರಿಕದ ಲೆಕ್ಕಿಗ 86 ಡಾಲರಿನಿಂದ ಆರಂಭಿಸಿ, ವಿಶ್ವ ಸರಣಿಯಲ್ಲಿ 25 ಲಕ್ಷ ಡಾಲರ್ ಗೆದ್ದ ಕಥೆ ಹೇಳಿದ.

“ಅಲ್ಲಿ ಆಡಿದವರೆಷ್ಟು?”

“839 ಮಂದಿ.”

“ಉಳಿದ 838 ಮಂದಿಯ ಹೆಸರು ಬಲ್ಲೆಯಾ? ಹೋಗಲಿ, ನೀನು ಆಡಿದ ಆಟಗಳೆಷ್ಟು?”

“ಆರೇಳು ಸಾವಿರ.”

“ಅಷ್ಟರಲ್ಲಿ ಒಳ್ಳೆಯ ಆಟಗಾರನೂ ಸೋತಿರಬಹುದು, ಸಾಧಾರಣನೂ ಗೆದ್ದಿರಬಹುದು. ಸೋತ ದಿನಗಳನ್ನು ಬರೆದಿಟ್ಟಿದ್ದೀಯಾ?”

ಅವನು ಉತ್ತರಿಸಲಿಲ್ಲ. ಆಟ ನಡೆಸುವವರು ಕಡಿದುಕೊಳ್ಳುವ ಪಾಲನ್ನೂ ಸೇರಿಸಿ, ಒಂದು ವರ್ಷ ಕೆಲಸ ಬಿಡದೆ ಪ್ರತಿದಿನದ ಲೆಕ್ಕ ಬರೆಯಲು ಹೇಳಿದೆ. ಹೊಸ್ತಿಲಲ್ಲಿ ನಿಂತು, “ಒಂಬತ್ತನೆಯ ತರಗತಿಯಲ್ಲಿ ನೀವು ನನ್ನ ಒಂದೇ ಉತ್ತರಪತ್ರಿಕೆ ನೋಡಿ, ಗಣಿತ ನಿನಗೆ ಹತ್ತುವುದಿಲ್ಲ ಅಂದಿರಿ ಸರ್” ಎಂದು ಹೊರಟುಹೋದ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆರೇಳು ಸಾವಿರ ಆಟ ಸಾಲದೆಂದು ಅವನಿಗೆ ಉಪದೇಶಿಸಿದ ನಾನು, ಒಂದೇ ಪತ್ರಿಕೆಯಿಂದ ಒಬ್ಬ ಹುಡುಗನನ್ನು ಅಳೆದಿದ್ದೆ. ಹಾಗೆ ಇನ್ನೆಷ್ಟು ಮಕ್ಕಳನ್ನು ಅಳೆದೆನೋ!

ಮರುವರ್ಷ ಫೋನ್ ಮಾಡಿದ. ಲೆಕ್ಕ ಬರೆದಿದ್ದ, ಪಾಲು ಕಳೆದ ಮೇಲೆ ಸ್ವಲ್ಪ ನಷ್ಟವೇ. ಕೆಲಸ ಬಿಟ್ಟಿರಲಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆ 2025ರ ಆಗಸ್ಟಿನಲ್ಲಿ ಬರುವ ಎಷ್ಟೋ ಮೊದಲೇ ಅವನು ಆಟ ನಿಲ್ಲಿಸಿದ್ದ. ನಾನು ಅಂದಿನ ಮಾತಿಗಾಗಿ ಕ್ಷಮೆ ಕೇಳಿದೆ.

“ಬಿಡಿ ಸರ್, ಲೆಕ್ಕ ತಪ್ಪಿಲ್ಲದೆ ಬರೆದಿದ್ದೇನೆ, ನೋಡುತ್ತೀರಾ?” ಎಂದ. ಮುಂದಿನ ಭಾನುವಾರ ಪುಸ್ತಕ ತಂದು ತೋರಿಸಿದ. ಒಂದು ಕೂಡಿಕೆಯೂ ತಪ್ಪಿರಲಿಲ್ಲ.