ಮಾವಿನ ಮರಕ್ಕೆ ಕಟ್ಟಿದ ತಂತಿ

ನಿಮ್ಮ ಅಂಗಳದಲ್ಲಿ ಮರವಿದೆಯೇ? ಅದಕ್ಕೆ ಬಟ್ಟೆ ಒಣಗಿಸುವ ತಂತಿ ಕಟ್ಟಿದ್ದೀರಾ? ಹಾಗಾದರೆ ಇದನ್ನು ಓದಿದ ಮೇಲೆ ಒಮ್ಮೆ ಎದ್ದು ಹೋಗಿ ನೋಡಿ ಬನ್ನಿ.

ನನ್ನ ತವರಿನ ಅಂಗಳದಲ್ಲಿ ಬಾಪ ನೆಟ್ಟ ಮಾವಿನ ಮರವಿದೆ. ನನ್ನ ಚೊಚ್ಚಲ ಬಾಣಂತನದಲ್ಲಿ ಮಗುವಿನ ಬಟ್ಟೆ ಒಣಗಿಸಲೆಂದು ಅದರ ಕಾಂಡಕ್ಕೆ ಕಬ್ಬಿಣದ ತಂತಿ ಸುತ್ತಿ ಬಿಗಿದಿದ್ದೆವು. ಆ ಮಗು ಬೆಳೆದು ಕಾಲೇಜು ಮೆಟ್ಟಿಲು ಹತ್ತಿದ. ಬಾಪ ಅಲ್ಲಾಹನ ಕರೆಗೆ ಓಗೊಟ್ಟರು. ತಂತಿ ಬಿಚ್ಚಬೇಕೆಂದು ಮಾತ್ರ ನಮಗ್ಯಾರಿಗೂ ತೋಚಲಿಲ್ಲ.

ಒಂದು ವರ್ಷ ಆ ಮರ ಎಂದೂ ಬಿಡದಷ್ಟು ಕಾಯಿ ಬಿಟ್ಟಿತು. ಉಮ್ಮ ನಮ್ಮೆಲ್ಲರ ಮನೆಗೂ ಗೋಣಿ ತುಂಬಿಸಿ ಕಳಿಸಿದರು. ‘ಮಾಶಾ ಅಲ್ಲಾಹ್, ಎಂಥ ಬರ್ಕತ್!’ ಎಂದು ನಾವು ಹಿಗ್ಗಿದೆವು. ಮರು ಬೇಸಿಗೆಯಲ್ಲಿ ಹೋದಾಗ ಎಲೆಗಳು ಹಳದಿಯಾಗಿದ್ದವು, ಒಂದು ಕೊಂಬೆ ಒಣಗಿತ್ತು. ಕೊಡಗಟ್ಟಲೆ ನೀರು ಸುರಿದೆವು. ಪ್ರಯೋಜನವಾಗಲಿಲ್ಲ.

ತೋಟಗಾರಿಕೆ ಇಲಾಖೆಯಲ್ಲಿ ದುಡಿದು ನಿವೃತ್ತರಾದ ನೆರೆಮನೆಯ ಹಿರಿಯರೊಬ್ಬರು ಬಂದು ನೋಡಿದರು. ತಂತಿ ತೊಗಟೆಯೊಳಗೆ ಹೂತು ಹೋಗಿತ್ತು. ಅದರ ಮೇಲ್ಭಾಗ ದಿಂಬಿನಂತೆ ಊದಿಕೊಂಡಿತ್ತು, ಕೆಳಭಾಗ ಸೊರಗಿತ್ತು. ‘ಮಗಳೇ, ಇದಕ್ಕೆ ನೀರಿನ ಕೊರತೆಯಿಲ್ಲ. ಬೇರಿಗೆ ಊಟವಿಲ್ಲ’ ಎಂದರು.

ಮರದೊಳಗೆ ಎರಡು ದಾರಿಗಳಿವೆ. ಒಂದು ಕ್ಸೈಲಮ್. ಇದು ಒಳಗಿನ ಕಟ್ಟಿಗೆಯಲ್ಲಿರುವ ಸಣ್ಣ ಕೊಳವೆಗಳ ಸಾಲು. ಬೇರು ಹೀರಿದ ನೀರು ಮತ್ತು ಲವಣಗಳು ಇದರ ಮೂಲಕ ಮೇಲೇರುತ್ತವೆ. ಎಲೆಯ ಸೂಕ್ಷ್ಮ ರಂಧ್ರಗಳಿಂದ ನೀರು ಆವಿಯಾಗಿ ಹೋದಂತೆಲ್ಲ ಅದರ ಹಿಂದಿನ ನೀರು ಮೇಲಕ್ಕೆ ಎಳೆಯಲ್ಪಡುತ್ತದೆ. ನೀರಿನ ಕಣಗಳು ಒಂದನ್ನೊಂದು ಬಿಡದೆ ಹಿಡಿದುಕೊಂಡಿರುವುದರಿಂದ ಆ ಎಳೆ ತುಂಡಾಗುವುದಿಲ್ಲ. 1894ರಲ್ಲಿ ಡಬ್ಲಿನ್‌ನ ಡಿಕ್ಸನ್ ಮತ್ತು ಜೋಲಿ ಎಂಬ ವಿಜ್ಞಾನಿಗಳು ಈ ವಿವರಣೆಯನ್ನು ಮುಂದಿಟ್ಟರು. ಬಾವಿಯ ಮೇಲೆ ಕೂರಿಸಿದ ಹೀರುವ ಪಂಪು ಸುಮಾರು 10 ಮೀಟರ್‌ಗಿಂತ ಆಳದ ನೀರನ್ನು ಮೇಲೆತ್ತಲಾರದು. ಕ್ಯಾಲಿಫೋರ್ನಿಯಾದ ರೆಡ್‌ವುಡ್ ಮರಗಳಾದರೋ 110 ಮೀಟರ್‌ಗೂ ಮಿಕ್ಕಿದ ಎತ್ತರಕ್ಕೆ ಸದ್ದಿಲ್ಲದೆ ನೀರೇರಿಸುತ್ತವೆ. ಸುಬ್‌ಹಾನಲ್ಲಾಹ್!

ಎರಡನೆಯ ದಾರಿ ಫ್ಲೋಯಮ್. ಇದು ತೊಗಟೆಯ ಒಳಪದರದಲ್ಲಿದೆ. ಬಿಸಿಲಿನಲ್ಲಿ ಎಲೆ ತಯಾರಿಸಿದ ಸಕ್ಕರೆ ಈ ದಾರಿಯಲ್ಲಿ ಹಣ್ಣಿಗೂ ಚಿಗುರಿಗೂ ಬೇರಿಗೂ ಹೋಗುತ್ತದೆ. ಮಣ್ಣಿನ ಕತ್ತಲೆಯಲ್ಲಿರುವ ಬೇರು ತಾನೇ ಅಡುಗೆ ಮಾಡಿಕೊಳ್ಳಲಾರದು. ಎಲೆ ಕಳಿಸಿದ್ದೇ ಅದಕ್ಕೆ ಊಟ.

ನಮ್ಮ ತಂತಿ ಕತ್ತರಿಸಿದ್ದು ಈ ಎರಡನೆಯ ದಾರಿಯನ್ನು. 17ನೇ ಶತಮಾನದಲ್ಲೇ ಇಟಲಿಯ ಮಾಲ್ಪೀಗಿ ಮರದ ತೊಗಟೆಯನ್ನು ಉಂಗುರದಂತೆ ಸುಲಿದು, ಗಾಯದ ಮೇಲ್ಭಾಗ ಊದಿಕೊಳ್ಳುವುದನ್ನು ಕಂಡಿದ್ದರು. ಕೆಳಗಿಳಿಯಲಾರದ ಆಹಾರ ಮೇಲೆಯೇ ಉಳಿದು ಕಾಯಿಗಳಿಗೆ ಸೇರಿತ್ತು. ನಾವು ಹಿಗ್ಗಿದ ಆ ಫಸಲು ಬೇರಿನ ಹಸಿವಿನಿಂದ ಬಂದದ್ದು! ಕೂಡಿಟ್ಟ ಪಿಷ್ಟ ಇರುವ ತನಕ ಬೇರು ನೀರು ಕಳಿಸುತ್ತಲೇ ಇತ್ತು. ಅದು ಮುಗಿಯುತ್ತ ಬಂದಾಗಲೇ ನಮಗೆ ಹಳದಿ ಎಲೆ ಕಂಡದ್ದು.

ಅಂದು ಇಶಾ ನಮಾಝಿನ ನಂತರ ಉಮ್ಮನ ಮಾತ್ರೆಯ ಡಬ್ಬ ತೆರೆದೆ. ಬೀಪಿಯ ಮಾತ್ರೆಗಳೆಲ್ಲ ಅರ್ಧರ್ಧ ತುಂಡಾಗಿದ್ದವು. ‘ಇದೇನುಮ್ಮಾ?’ ಎಂದೆ. ‘ತಿಂಗಳ ಕೊನೆವರೆಗೆ ಬರಲಿ ಅಂತ. ನಿಮಗೆಲ್ಲ ನಿಮ್ಮದೇ ಖರ್ಚುಗಳಿರುತ್ತವಲ್ಲ’ ಎಂದರು. ಪ್ರತಿ ಶುಕ್ರವಾರ ನಾನು ಫೋನು ಮಾಡುತ್ತಿದ್ದೆ. ‘ಹೇಗಿದ್ದೀರಿ?’ ಎಂದರೆ ‘ಅಲ್‌ಹಮ್ದುಲಿಲ್ಲಾಹ್’ ಎನ್ನುತ್ತಿದ್ದರು. ಆ ವರ್ಷವೂ ಅವರ ಹಪ್ಪಳ, ಉಪ್ಪಿನಕಾಯಿ ತಪ್ಪದೆ ನಮ್ಮ ಮನೆ ಸೇರಿತ್ತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಮಕ್ಕಳು, ನನ್ನ ಮನೆ, ನನ್ನ ಸಾಲ ಎಂದು ನಾನೇ ಬಿಗಿದ ತಂತಿ ಎಷ್ಟು ಆಳಕ್ಕೆ ಇಳಿದಿತ್ತು! ನನ್ನ ಒಳ್ಳೆಯ ನಡವಳಿಕೆಗೆ ಹೆಚ್ಚು ಹಕ್ಕುಳ್ಳವರು ಯಾರೆಂದು ಕೇಳಿದವರಿಗೆ ಪ್ರವಾದಿ(ಸ) ಮೂರು ಬಾರಿ ತಾಯಿಯನ್ನೇ ಹೆಸರಿಸಿ, ನಾಲ್ಕನೆಯ ಬಾರಿ ತಂದೆಯನ್ನು ಹೇಳಿದರೆಂದು ನಾನು ಮದ್ರಸದಲ್ಲೇ ಕಲಿತಿದ್ದೆ. ಕಲಿತದ್ದು ಕೈಗೆ ಇಳಿದಿರಲಿಲ್ಲ.

ಮರುದಿನ ಹಿರಿಯರು ತಂತಿಯನ್ನು ತುಂಡು ತುಂಡಾಗಿ ಕತ್ತರಿಸಿ ತೆಗೆದರು. ಅದೃಷ್ಟವಶಾತ್ ಒಂದು ಬದಿಯ ತೊಗಟೆ ಪೂರ್ತಿ ಕಡಿದಿರಲಿಲ್ಲ. ಒಣಗಿದ ಕೊಂಬೆಯನ್ನು ಕಡಿಯಲೇಬೇಕಾಯಿತು. ಮಳೆಗಾಲದಲ್ಲಿ ಉಳಿದ ಕೊಂಬೆಗಳು ಚಿಗುರಿದವು. ಉಮ್ಮನ ಔಷಧಿಯ ಹೊಣೆಯನ್ನು ನಾವು ಮಕ್ಕಳು ಹಂಚಿಕೊಂಡಿದ್ದೇವೆ. ಈಗ ನಾನು ಫೋನಿನಲ್ಲಿ ‘ಹೇಗಿದ್ದೀರಿ?’ ಎಂದಷ್ಟೇ ಕೇಳುವುದಿಲ್ಲ, ‘ಎಷ್ಟು ಮಾತ್ರೆ ಉಳಿದಿದೆ?’ ಎಂದೂ ಕೇಳುತ್ತೇನೆ.

ನಿಮ್ಮ ಮನೆಗೆ ಈ ಸಲವೂ ಉಮ್ಮನ ಹಪ್ಪಳ ಬಂತೇ? ಅಲ್ಲಿಂದ ಬರುವುದು ನಿಂತಿಲ್ಲವೆಂದು ಸಮಾಧಾನ ಪಡಬೇಡಿ. ಇಲ್ಲಿಂದ ಏನು ಹೋಗುತ್ತಿದೆ ಎಂದು ಒಮ್ಮೆ ನೋಡಿಕೊಳ್ಳಿ. ಬೇರು ಬಾಯಿ ಬಿಟ್ಟು ಕೇಳುವುದಿಲ್ಲ.