ಕಾಫಿಗೂ ಮುಂಚಿನ ಮಾತ್ರೆ

ನಮ್ಮತ್ತೆಗೆ 72. ಶುಕ್ರವಾರ ಹತ್ತೂವರೆ ರಾಹುಕಾಲಕ್ಕೆ ಬನಶಂಕರಿ ದೇವಸ್ಥಾನದಲ್ಲಿ ನಿಂಬೆಹಣ್ಣಿನ ದೀಪ ಹಚ್ಚೋದು ಅವರಿಗೆ ಎಷ್ಟೋ ವರ್ಷದ ಅಭ್ಯಾಸ. ಹೋದ ಆಷಾಢದಲ್ಲಿ ಒಂದು ಶುಕ್ರವಾರ ಹೋದೋರು ಹಾಗೇ ವಾಪಸ್ ಬಂದ್ರು. ಚೀಲದಲ್ಲಿ ನಿಂಬೆಹಣ್ಣು, ತುಪ್ಪ, ಬತ್ತಿ ಎಲ್ಲಾ ಇಟ್ಟಿದ್ದ ಹಾಗೇ ಇದೆ. "ಯಾತಕ್ಕೆ ಹೋಗಿದ್ದೆ ಅನ್ನೋದೇ ಮರ್ತೋಯ್ತು ಕಣೆ" ಅಂತ ನಕ್ಕರು. ನನ್ನ ಮುಖ ಮಾತ್ರ ನೋಡ್ಲಿಲ್ಲ.

ಅದಕ್ಕೆ ಮುಂಚೇನೂ ಸೂಚನೆ ಇತ್ತು. ಸಾರಿಗೆ ಎರಡು ಸಲ ಉಪ್ಪು, ಮಧ್ಯಾಹ್ನವೆಲ್ಲ ನಿದ್ದೆ, ಏಪ್ರಿಲ್‌ನಲ್ಲೂ ಸ್ವೆಟರ್. ವಯಸ್ಸಾಯ್ತಲ್ಲ ಅಂತ ನಾವೇ ತೀರ್ಮಾನ ಮಾಡ್ಬಿಟ್ಟಿದ್ವಿ.

ಅಮೆರಿಕದಲ್ಲಿರೋ ನಾದಿನಿ ಫೋನ್ ಮಾಡಿ, "ಈಸ್ಟ್ರೊಜನ್ ತಗೊಂಡ್ರೆ ನೆನಪು ಚುರುಕಾಗುತ್ತಂತೆ, ಕೇಳಿ ನೋಡಿ" ಅಂದ್ಲು. ಡಾಕ್ಟರನ್ನ ಕೇಳ್ದೆ. ಈ ವಯಸ್ಸಲ್ಲಿ ನೆನಪಿಗೋಸ್ಕರ ಅದನ್ನ ಶುರು ಮಾಡೋದು ಬೇಡವೇ ಬೇಡ ಅಂದ್ರು. ಅಮೆರಿಕದಲ್ಲೇ 65 ದಾಟಿದ 4,532 ಹೆಂಗಸರ ಮೇಲೆ ಮಾಡಿದ ಅಧ್ಯಯನ 2003ರಲ್ಲಿ ಹೊರಬಂತಂತೆ. ಈಸ್ಟ್ರೊಜನ್, ಪ್ರೊಜೆಸ್ಟಿನ್ ಎರಡೂ ತಗೊಂಡೋರಲ್ಲಿ 40 ಜನಕ್ಕೆ ಮರೆವಿನ ಕಾಯಿಲೆ ಬಂತು, ಹುಸಿ ಮಾತ್ರೆ ತಗೊಂಡೋರಲ್ಲಿ 21 ಜನಕ್ಕೆ. ಲೆಕ್ಕ ಕೇಳಿ ನಾದಿನಿ ಸುಮ್ಮನಾದ್ಲು.

ಆಮೇಲೆ ಡಾಕ್ಟರ್ ಕೇಳಿದ್ರು, "ಥೈರಾಯ್ಡ್ ಮಾತ್ರೆ ಹೇಗೆ ತಗೋತಾರೆ?"

ಆರು ವರ್ಷದಿಂದ ಒಂದು ದಿನಾನೂ ತಪ್ಪಿಸಿಲ್ಲ ಅಂತ ಹೆಮ್ಮೆಯಿಂದ್ಲೇ ಹೇಳ್ದೆ. ನಾನೇ ಕೊಡೋದು. ಎದ್ದ ತಕ್ಷಣ, ಬಿಸಿಬಿಸಿ ಫಿಲ್ಟರ್ ಕಾಫಿ ಜತೆ. ತಿಂಡಿ ಆದ್ಮೇಲೆ ಕ್ಯಾಲ್ಸಿಯಂ. ಹೇಳ್ತಾ ಹೇಳ್ತಾ ಅವರ ಮುಖ ನೋಡಿ ನಂಗೇ ಗೊತ್ತಾಯ್ತು. ಕಾಫಿ ಜತೆ ಹೋದ್ರೆ ಆ ಹಾರ್ಮೋನು ಮೈಗೆ ಸರಿಯಾಗಿ ಸೇರಲ್ಲ. ಬರೀ ನೀರಲ್ಲಿ ಖಾಲಿ ಹೊಟ್ಟೆಗೆ ನುಂಗಿ ಅರ್ಧದಿಂದ ಒಂದು ಗಂಟೆ ಕಾಯ್ಬೇಕು, ಕ್ಯಾಲ್ಸಿಯಂಗೆ ನಾಲ್ಕು ಗಂಟೆ ಅಂತರ ಬೇಕು. ನಾಲ್ಕೈದರ ಒಳಗೆ ಇರಬೇಕಾದ ಟಿಎಸ್‌ಎಚ್ 31 ಬಂತು. ಈ ಹಾರ್ಮೋನು ಕಮ್ಮಿಯಾದ್ರೆ ಚಳಿ, ನಿದ್ದೆ ಅಷ್ಟೇ ಅಲ್ಲ, ಯೋಚ್ನೇನೂ ನಿಧಾನ ಆಗುತ್ತಂತೆ.

ಡೋಸ್ ಏರಿಸ್ಲಿಲ್ಲ. ವಯಸ್ಸಾದೋರಿಗೆ ಜಾಸ್ತಿಯಾದ್ರೆ ಎದೆಬಡಿತಕ್ಕೂ ಮೂಳೆಗೂ ತೊಂದರೆ, ಮೊದಲು ಹೊತ್ತು ಸರಿಮಾಡಿ ಅಂದ್ರು. ಎಂಟು ವಾರ ಆದ್ಮೇಲೆ 6ಕ್ಕೆ ಇಳಿದಿತ್ತು. ಸ್ವೆಟರ್ ಬೀರು ಸೇರ್ತು, ದೀಪಾನೂ ಹಚ್ಕೊಂಡು ಬಂದ್ರು.

ಎಲ್ಲಾನೂ ವಾಪಸ್ ಬಂದಿಲ್ಲ. ತಂಗಿಯ ಮೊಮ್ಮಗಳ ಹೆಸರಿಗೆ ಇನ್ನೂ ತಡಕಾಡ್ತಾರೆ. ಅದಕ್ಕೆ ಮುಂದಿನ ತಿಂಗಳು ನಿಮ್ಹಾನ್ಸ್‌ಗೆ ಹೋಗ್ಬೇಕು. ಸದ್ಯಕ್ಕೆ ಬೆಳಿಗ್ಗೆ ಆರಕ್ಕೆ ಮಾತ್ರೆ, ಏಳಕ್ಕೆ ಕಾಫಿ. ಮಧ್ಯೆ ಆ ಒಂದು ಗಂಟೆ, ಅಡುಗೆಮನೆ ಬಾಗಿಲಲ್ಲಿ ಕೂತು ಗಡಿಯಾರಾನೂ ನನ್ನನ್ನೂ ಸರದಿ ಪ್ರಕಾರ ದುರುಗುಟ್ಕೊಂಡು ನೋಡ್ತಿರ್ತಾರೆ.