ಚಂದ್ರಾ ನದಿಯ ದಂಡೆಯಲ್ಲಿ ಒಂದು ಮಧ್ಯಾಹ್ನ

ದೆಹಲಿಯ ಬೇಸಿಗೆಯಲ್ಲಿ ಬೆಂದ ಕನ್ನಡಿಗರಿಗೆ ಹಿಮಾಚಲದ ಹೆಸರು ಕಿವಿಗೆ ಬಿದ್ದೊಡನೆ ಮೈ ತಂಪಾಗುವುದನ್ನು ವಿವರಿಸಬೇಕಾಗಿಲ್ಲ. ಸರ್ಕಾರ ನಮ್ಮಂಥ ಗುಮಾಸ್ತರಿಗೆ ದಯಪಾಲಿಸಿರುವ ಎಲ್.ಟಿ.ಸಿ. ಎಂಬ ಪ್ರಯಾಣ ಸೌಲಭ್ಯವನ್ನು ನೆಚ್ಚಿ, 2022ರ ಜುಲೈ ತಿಂಗಳಲ್ಲಿ ನಾವು ಸಕುಟುಂಬ ಮನಾಲಿಗೆ ಹೊರಟೆವು. ಸಕುಟುಂಬವೆಂದರೆ ನಮ್ಮ ತಾಯಿಯವರು, ಮನೆಯಾಕೆ, ಒಂಬತ್ತು ವರ್ಷದ ಮಗಳು, ಮತ್ತು ಚಕ್ಕುಲಿ ಕೋಡುಬಳೆಗಳ ಎರಡು ಡಬ್ಬಿ. ತಾಯಿಯವರು ತೀರ್ಥಹಳ್ಳಿಯ ಕಡೆಯವರು. ಮಳೆನಾಡಿನಲ್ಲಿ ಬೆಳೆದವರಾದ್ದರಿಂದ ಬಟ್ಟೆ ಎಲ್ಲಿಯೂ ಸರಿಯಾಗಿ ಒಣಗಲಾರದೆಂಬುದು ಅವರ ದೃಢವಾದ ನಂಬಿಕೆ. ಎಲ್ಲಿಗೆ ಹೋದರೂ ಒಂದು ಗಜ ಹಗ್ಗವೂ ಹನ್ನೆರಡು ಮರದ ಕ್ಲಿಪ್ಪುಗಳೂ ಅವರ ಚೀಲದಲ್ಲಿರಲೇಬೇಕು. ಇದನ್ನು ನೋಡಿ ನಾವು ನಗುವುದು ವಾಡಿಕೆ. ಆ ನಗೆಯನ್ನು ಹಿಂದಕ್ಕೆ ತೆಗೆದುಕೊಳ್ಳುವ ಸಲುವಾಗಿಯೇ ಈ ಲೇಖನವೆಂದರೂ ಸಲ್ಲುತ್ತದೆ.

ಮನಾಲಿಯಿಂದ ಮುಂದೆ ಚಂದ್ರತಾಲವೆಂಬ ಸರೋವರವನ್ನು ನೋಡಬೇಕೆಂಬುದು ನಮ್ಮ ಆಸೆ. 14,000 ಅಡಿ ಎತ್ತರದಲ್ಲಿರುವ ಆ ಸರೋವರದ ಬಳಿಯೇ ಇಂದ್ರನ ರಥ ಬಂದು ಧರ್ಮರಾಯನನ್ನು ಸ್ವರ್ಗಕ್ಕೆ ಕರೆದೊಯ್ದಿತೆಂದು ಆ ಕಡೆಯ ಜನ ನಂಬುತ್ತಾರೆ. ಧರ್ಮರಾಯನಿಗೆ ರಥ ಉಚಿತವಾಗಿ ಬಂದಿತು. ನಾವು ಮಾತ್ರ ನಮ್ಮ ಕಿಸೆಯಿಂದಲೇ ಕೊಟ್ಟು ಟ್ಯಾಕ್ಸಿಯೊಂದನ್ನು ಗೊತ್ತುಮಾಡಬೇಕಾಯಿತು. ಟ್ಯಾಕ್ಸಿಯ ಹುಡುಗ ಮನಾಲಿಯವನೇ. ಬ್ಯಾಂಕಿನ ಸಾಲದಲ್ಲಿ ಕೊಂಡ ಗಾಡಿ, ಅವನ ಮೊದಲನೆಯ ಹಂಗಾಮು. "ಬೆಳಿಗ್ಗೆ ಐದಕ್ಕೆ ಹೊರಡೋಣ ಸಾಬ್. ಬಿಸಿಲೇರುವ ಮೊದಲು ನಾಲಾಗಳನ್ನು ದಾಟಿಬಿಡಬೇಕು" ಎಂದು ಅವನು ಎರಡು ಸಲ ಹೇಳಿದ.

ನಾವು ಐದಕ್ಕೆ ಹೊರಡಲಿಲ್ಲ. ಕಾರಣ ಹೇಳಲು ನಾಚಿಕೆಯಾಗುತ್ತದೆ. ದೆಹಲಿಯಿಂದ ಬಂದ ಬಸ್ಸಿನ ಟಿಕೆಟ್ಟುಗಳನ್ನು ನಾವು ಎಲ್ಲಿಯೋ ಬೀಳಿಸಿಕೊಂಡಿದ್ದೆವು. ಟಿಕೆಟ್ಟಿಲ್ಲದೆ ಬಿಲ್ಲಿಲ್ಲ, ಬಿಲ್ಲಿಲ್ಲದೆ ಹಣವಿಲ್ಲ ಎಂಬುದು ಗುಮಾಸ್ತನಾದವನಿಗೆ ಗಾಯತ್ರಿ ಮಂತ್ರವಿದ್ದಂತೆ. ಬಸ್ ನಿಲ್ದಾಣದ ಗವಾಕ್ಷಿ ತೆರೆಯುವವರೆಗೆ ಕಾದು, ನಾವು ಪ್ರಯಾಣ ಮಾಡಿದ್ದುಂಟೆಂಬ ಮೊಹರು ಹಾಕಿದ ಕಾಗದವನ್ನು ಪಡೆದು ಹೊರಡುವ ವೇಳೆಗೆ ಹತ್ತೂವರೆಯಾಗಿತ್ತು. "ರಸ್ತೆಯೇನು ಓಡಿಹೋಗುವುದಿಲ್ಲವಲ್ಲ" ಎಂದು ನಾವು ಹುಡುಗನಿಗೆ ಸಮಾಧಾನ ಹೇಳಿದೆವು. ಅವನು ಏನೂ ಹೇಳಲಿಲ್ಲ.

2020ರ ಅಕ್ಟೋಬರ್ 3ರಂದು ಆರಂಭವಾದ ಅಟಲ್ ಸುರಂಗದಿಂದ ಈ ಪ್ರಯಾಣ ಬಹಳ ಸುಲಭವಾಗಿದೆ. ಅದರ ಉದ್ದ 9.02 ಕಿಲೋಮೀಟರು, ಇರುವುದು ಸುಮಾರು 10,000 ಅಡಿ ಎತ್ತರದಲ್ಲಿ. ಹಿಂದೆ 13,050 ಅಡಿಯ ರೋಹ್ತಂಗ್ ಕಣಿವೆಯನ್ನು ಹತ್ತಿ ಇಳಿಯಬೇಕಾಗಿದ್ದಲ್ಲಿ ಈಗ ಹತ್ತು ಹದಿನೈದು ನಿಮಿಷದಲ್ಲಿ ಬೆಟ್ಟದ ಹೊಟ್ಟೆಯನ್ನು ಹಾದು ಆಚೆ ಬರುತ್ತೇವೆ. ಈಚೆ ದೇವದಾರುಗಳ ಹಸಿರು, ಆಚೆ ಬೋಳು ಬೆಟ್ಟಗಳ ಕಂದು. ನಡುವೆ ಚಂದ್ರಾ ನದಿ. ಈ ನದಿ ಮುಂದೆ ತಾಂಡಿಯಲ್ಲಿ ಭಾಗಾ ನದಿಯೊಡನೆ ಕೂಡಿ ಚಂದ್ರಭಾಗಾ ಎನ್ನಿಸಿಕೊಳ್ಳುತ್ತದೆ. ಕೆಳಗೆ ಹೋದಂತೆ ಅದೇ ಚಿನಾಬ್.

ಕೋಕ್ಸರ್ ದಾಟಿ ಗ್ರಾಂಫೂ ಎಂಬಲ್ಲಿಗೆ ಬಂದ ಮೇಲೆ ಡಾಂಬರು ನಮ್ಮಿಂದ ಬೀಳ್ಕೊಂಡಿತು. ಅಲ್ಲಿಂದ ಛತ್ರುವಿಗೆ 17 ಕಿಲೋಮೀಟರು. ಬರೀ ಕಲ್ಲು ಮತ್ತು ಧೂಳು. ಒಂದು ಕಡೆ ಕೆಳಗೆ ಬೂದಿ ಬಣ್ಣದ ನದಿ, ಇನ್ನೊಂದು ಕಡೆ ಮೇಲೆ ನೀಲಿ ಛಾಯೆಯ ಹಿಮನದಿಗಳು. ಆ ಹಿಮನದಿಗಳಿಂದ ಇಳಿಯುವ ತೊರೆಗಳೇ ನಾಲಾಗಳು. ಸೇತುವೆಯಿಲ್ಲದ ಕಡೆ ಅವು ರಸ್ತೆಯ ಮೇಲೆಯೇ ಹರಿಯುತ್ತವೆ. ರಾತ್ರಿಯ ಚಳಿಗೆ ಹಿಮ ಬಿಗಿದುಕೊಂಡಿರುವುದರಿಂದ ಬೆಳಗಿನ ಹೊತ್ತು ಅವುಗಳಲ್ಲಿ ನೀರು ಕಡಿಮೆ. ಬಿಸಿಲೇರಿದಂತೆ ಹಿಮ ಕರಗಿ, ಮಧ್ಯಾಹ್ನದ ಮೇಲೆ ಅದೇ ತೊರೆ ಹೊಳೆಯಾಗುತ್ತದೆ. ಹುಡುಗ ಐದು ಗಂಟೆ ಎಂದದ್ದರ ಅರ್ಥ ನಮಗಾದದ್ದು ಛತ್ರುವಿನಿಂದ ಮುಂದೆ, ಎರಡೂವರೆ ಗಂಟೆಗೆ, ಅಂಥದೊಂದು ನಾಲಾದ ನಡುವೆ ಗಾಡಿ ಗಕ್ಕನೆ ನಿಂತಾಗ.

ಮುಂದಿನ ಗಾಲಿ ಎರಡು ಬಂಡೆಗಳ ಸಂದಿಗೆ ಇಳಿದುಬಿಟ್ಟಿತ್ತು. ನೀರು ಬಾಗಿಲಿನ ಕೆಳಅಂಚನ್ನು ಮುಟ್ಟುತ್ತಿತ್ತು. ಹಿಂದಿನಿಂದ ಬಂದವರೂ ರಸ್ತೆ ಕೆಲಸದ ಕೂಲಿಯವರೂ ಸೇರಿ ನಮ್ಮನ್ನು ದಡಕ್ಕೆ ಸಾಗಿಸಿದರು. ಝಾರ್ಖಂಡದ ಒಬ್ಬ ತರುಣ ತಾಯಿಯವರನ್ನು ಬೆನ್ನ ಮೇಲೆ ಹೊತ್ತು ತಂದ. ದಡ ಸೇರಿದ ಮೇಲೆ ಹಿಂದಿರುಗಿ ನೋಡಿದರೆ, ಹುಡುಗ ಮಾತ್ರ ಸೊಂಟದವರೆಗಿನ ನೀರಿನಲ್ಲಿ ಗಾಡಿಯನ್ನು ಹಿಡಿದುಕೊಂಡು ನಿಂತಿದ್ದ, ತನ್ನ ಕೈಬಲದಿಂದಲೇ ಅದು ನಿಂತಿದೆಯೋ ಎಂಬಂತೆ. ನೀರು ಗಳಿಗೆ ಗಳಿಗೆಗೆ ಏರುತ್ತಿತ್ತು. ನಮ್ಮ ಕಿಸೆಯಲ್ಲಿ ಮೊಹರಿನ ಕಾಗದ ಬೆಚ್ಚಗೆ ಕುಳಿತಿತ್ತು.

ಕೂಲಿಯವರಲ್ಲೊಬ್ಬ ಓಡಿಹೋಗಿ ಹತ್ತಿರದ ಕೆಲಸದ ಜಾಗದಿಂದ ವಿಂಚ್ ಇದ್ದ ಹಳೆಯ ಲಾರಿಯೊಂದನ್ನು ಕರೆತಂದ. ವಿಂಚ್ ಎಂದರೆ ಉಕ್ಕಿನ ಹಗ್ಗ ಸುತ್ತಿದ ಉರುಳೆ; ಅದನ್ನು ತಿರುಗಿಸುವುದು ಲಾರಿಯ ಎಂಜಿನ್ನೇ. ಲಾರಿಯ ಚಾಲಕರು ಐವತ್ತು ದಾಟಿದವರು. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಅವರಿಗೆ ಆತುರವೇ ಇರಲಿಲ್ಲ. ಲಾರಿಯನ್ನು ಗಾಡಿಯ ನೇರಕ್ಕೆ ನಿಲ್ಲಿಸಿ, ಕೈ ಬ್ರೇಕ್ ಎಳೆದು, ಗಾಲಿಗಳಿಗೆ ದಪ್ಪ ಕಲ್ಲುಗಳನ್ನು ಒಡ್ಡಿಸಿದರು. ಹಗ್ಗದ ಕೊಕ್ಕೆಯನ್ನು ಬಂಪರಿಗಲ್ಲ, ಚಾಸಿಗೆ ಸೇರಿದ ಬಳೆಗೆ ಹಾಕಿಸಿದರು. ಒದ್ದೆ ಗೋಣಿಯೊಂದನ್ನು ಹಗ್ಗದ ನಡುವೆ ಹೊದಿಸಿದರು. ಹಗ್ಗ ಕಡಿದರೆ ಗೋಣಿಯ ಭಾರಕ್ಕೆ ನೆಲಕ್ಕೆ ಬೀಳುತ್ತದೆ. ಇಲ್ಲವಾದರೆ ಚಾಟಿಯಂತೆ ಬೀಸಿ ಆಳನ್ನೇ ಕೊಂದೀತು. ಆಮೇಲೆ ನಮ್ಮನ್ನೆಲ್ಲ ದೂರಕ್ಕೆ ಅಟ್ಟಿದರು.

ಮೊದಲನೆಯ ಸಲ ಎಂಜಿನ್ ಢಗ್ ಢಗ್ ಎಂದು ಕೆಮ್ಮಿ ನಿಂತೇಹೋಯಿತು. ಎರಡನೆಯ ಸಲ ಉಸ್ತಾದ್ ಹೊರಗೆ ಹಗ್ಗದ ಕಡೆ ಕಣ್ಣಿಟ್ಟು ನಿಂತು, ಒಳಗಿದ್ದ ಕ್ಲೀನರಿಗೆ "ರೇಸ್ ಕೊಡು" ಎಂದು ಕೂಗಿದರು. ಅವನು ಪೆಡಲ್ ತುಳಿದ; ಹಗ್ಗ ಸರ್ರನೆ ಬಿಗಿಯಿತು. ಕಾಲು ಸಡಿಲಿಸಿದ, ಹಗ್ಗ ಸಡಿಲವಾಯಿತು. ಗಾಡಿ ಒಂದು ಮೊಳ ಮುಂದೆ ಬಂದು ಅರ್ಧ ಮೊಳ ಹಿಂದಕ್ಕೆ ಜಾರಿತು. ಹುಡುಗನ ಬಾಯಿಂದ ಹೊರಟ ಸದ್ದು ನಮಗೆ ಇನ್ನೂ ಕೇಳಿಸಿದಂತಾಗುತ್ತದೆ. ಉಸ್ತಾದ್ ಗದರಿಸಿ ಎಲ್ಲವನ್ನೂ ನಿಲ್ಲಿಸಿದರು.

ಹಳೆಯ ಲಾರಿಗಳಲ್ಲಿ ಈ ಕೆಲಸಕ್ಕೆಂದೇ ಚಾಲಕನ ಎದುರಿಗೆ ಒಂದು ಗುಂಡಿ ಇರುತ್ತದೆ. ಅದನ್ನು ಎಳೆದಿಟ್ಟರೆ, ಕಾಲಿನ ಹಂಗಿಲ್ಲದೆ ಎಂಜಿನ್ ನಿಂತಲ್ಲಿಯೇ ಸ್ವಲ್ಪ ಜೋರಾಗಿ ಒಂದೇ ಸಮನೆ ಓಡುತ್ತದೆ. ಈ ಲಾರಿಯಲ್ಲಿಯೂ ಆ ಗುಂಡಿ ಇತ್ತು; ಆದರೆ ಸವೆದುಹೋಗಿ, ಎಳೆದರೆ ಮೆಲ್ಲನೆ ಒಳಕ್ಕೆ ಜಾರುತ್ತಿತ್ತು. "ಪೆಡಲಿನ ಮೇಲೆ ಕಲ್ಲಿಡಲೇ?" ಎಂದು ಕ್ಲೀನರು ಕೇಳಿದ. "ನಿಲ್ಲಿಸು ಎಂದರೆ ಕಲ್ಲಿಗೆ ಕೇಳಿಸುತ್ತದೆಯೇನೋ?" ಎಂದರು ಉಸ್ತಾದ್. ತಟ್ಟನೆ ಹಿಡಿದಿಡಬೇಕು, ತಟ್ಟನೆ ಬಿಡಬೇಕು. ಅಂಥ ಸಾಧನ ಬೇಕು. ಅವರು ತಂತಿಗಾಗಿ ಹುಡುಕತೊಡಗಿದರು.

ನಮ್ಮ ತಾಯಿಯವರಿಗೆ ಹಿಂದಿ ಅಷ್ಟಕ್ಕಷ್ಟೆ. ಎತ್ತರದ ಹವೆಗೆ ತಲೆನೋವು ಹಿಡಿದು ಒಂದು ಕಲ್ಲಿನ ಮೇಲೆ ಕುಳಿತಿದ್ದರು. "ಅದೇನೋ ಹುಡುಕ್ತಿದಾರೆ?" ಎಂದು ಕೇಳಿದರು. ನಾವು ಹೇಳಿದೆವು. ಅವರು ಮಡಿಲಲ್ಲಿದ್ದ ಚೀಲದಿಂದ ಎರಡು ಕ್ಲಿಪ್ ತೆಗೆದು, "ಇದು ಆಗತ್ತಾ ನೋಡು ಅಂತ ಕೊಡು" ಎಂದರು. ನಾವು ಹಿಂದೆಮುಂದೆ ನೋಡಿದೆವು. ಮಗಳು ನಮ್ಮ ಕೈಯಿಂದ ಕಿತ್ತುಕೊಂಡು ಓಡಿ ಉಸ್ತಾದರಿಗೆ ಕೊಟ್ಟಳು. ಉಸ್ತಾದ್ ಕ್ಲಿಪ್ಪನ್ನು ಒಮ್ಮೆ ಒತ್ತಿ ನೋಡಿ, ಗುಂಡಿಯನ್ನು ಎಳೆದು, ಅದರ ಸರಳಿಗೆ ಎರಡನ್ನೂ ಕಚ್ಚಿಸಿದರು. ಗುಂಡಿ ಜಾರಲಿಲ್ಲ.

ಎಂಜಿನ್ನಿನ ಸದ್ದು ಗೊರಕೆಯಿಂದ ಗುಂಗಿಗೆ ಏರಿತು. ಉಸ್ತಾದ್ ತಲೆ ಓರೆಮಾಡಿ ಕೇಳಿ, ಗುಂಡಿಯನ್ನು ಒಂದು ಬೆರಳಷ್ಟು ಒಳಕ್ಕೆ ಸರಿಸಿದರು. ಮತ್ತೆ ಕೇಳಿದರು. ಸಮಾಧಾನವಾಯಿತು. ಕ್ಲೀನರಿಗೆ ಒಂದು ಕೈಯನ್ನು ಕ್ಲಿಪ್ಪಿನ ಬಳಿ ಇಟ್ಟುಕೊಂಡಿರಲು ಹೇಳಿ ಕೆಳಗಿಳಿದರು. ಉರುಳೆ ತಿರುಗಿತು. ಹಗ್ಗ ಈ ಸಲ ಸೆಳೆಯಲಿಲ್ಲ, ಜಗ್ಗಲಿಲ್ಲ. ಗಡಿಯಾರದ ದೊಡ್ಡ ಮುಳ್ಳಿನಂತೆ ನಿಧಾನವಾಗಿ, ಆದರೆ ನಿಲ್ಲದೆ ಬಂದಿತು. ಗಾಡಿಯ ಗಾಲಿ ಬಂಡೆಯ ಮೇಲೇರಿ ಈಚೆಗಿಳಿಯಿತು. ಊರಿನಲ್ಲಿ ತೇರು ನೆಲೆ ಬಿಟ್ಟಾಗ ಏಳುವಂಥ ಕೂಗು ಎರಡೂ ದಡಗಳಿಂದ ಎದ್ದಿತು. ಆಗ ಗಂಟೆ ನಾಲ್ಕೂ ಮುಕ್ಕಾಲು. ಗಾಡಿ ಸಿಕ್ಕಿಕೊಂಡಿದ್ದ ಬಂಡೆಗಳು ಆ ವೇಳೆಗೆ ನೀರಿನಡಿಯಲ್ಲಿ ಕಾಣದಾಗಿದ್ದವು.

ಆ ಸಂಜೆ ಛತ್ರುವಿನ ಡೇರೆ ಹೋಟಲಿನಲ್ಲಿ ಚಹಾ ಕುಡಿಯುತ್ತ ಉಸ್ತಾದ್ ನಮಗೆ ಒಳಗುಟ್ಟನ್ನು ಬಿಡಿಸಿ ಹೇಳಿದರು. ಡೀಸೆಲ್ ಲಾರಿ ನಿಂತಲ್ಲಿ ಸುಮ್ಮನೆ ಓಡುವಾಗ ಎಂಜಿನ್ ನಿಮಿಷಕ್ಕೆ 600 ಸುತ್ತಿನ ಆಸುಪಾಸಿನಲ್ಲಿರುತ್ತದೆ. ಅದು ತನ್ನನ್ನು ತಾನು ಓಡಿಸಿಕೊಳ್ಳುವಷ್ಟು ಶಕ್ತಿಯೇ ಹೊರತು ಇನ್ನೊಬ್ಬರನ್ನು ಎಳೆಯುವಷ್ಟಲ್ಲ. ವಿಂಚಿಗೆ ಶಕ್ತಿ ಹೋಗುವುದು ಗೇರ್ ಪೆಟ್ಟಿಗೆಯ ಮಗ್ಗುಲಿನಿಂದ. ಭಾರ ಬಿದ್ದೊಡನೆ ಸುತ್ತು ಕುಸಿದು ಎಂಜಿನ್ ಸಾಯುತ್ತದೆ. ಛತ್ರುವಿನ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೆಯ ಎರಡು ಭಾಗ ಮಾತ್ರ. ಎಂಜಿನ್ನಿಗೂ ಮನುಷ್ಯನಂತೆ ಉಸಿರು ಸಾಲದು. ಆದ್ದರಿಂದ ಎಳೆಯುವ ಮೊದಲೇ ಓಟವನ್ನು ಸುಮಾರು 1,000 ಸುತ್ತಿಗೆ ಏರಿಸಿ ಕಟ್ಟಿಡಬೇಕು. ಹಾಗೆಂದು ಅತಿಯಾಗಿ ಏರಿಸಿದರೆ ಉರುಳೆ ಭರದಿಂದ ತಿರುಗಿ, ಸೆಳೆತಕ್ಕೆ ಹಗ್ಗ ಕಡಿಯುತ್ತದೆ, ಹಲ್ಲುಗಾಲಿ ಮುರಿಯುತ್ತದೆ. ಲಾರಿ ಕಂಪೆನಿಯವರು ಬರೆದುಕೊಟ್ಟ ಮಿತಿಯನ್ನು ಮೀರಬಾರದು. ಹೊಸ ಲಾರಿಗಳಲ್ಲಿ ಇದಕ್ಕೆ ಒಂದು ಸ್ವಿಚ್ ಉಂಟು. ಗೇರ್ ನ್ಯೂಟ್ರಲಿನಲ್ಲಿದೆಯೇ, ಕೈ ಬ್ರೇಕ್ ಬಿದ್ದಿದೆಯೇ ಎಂದು ಯಂತ್ರವೇ ನೋಡಿಕೊಂಡು ಓಟವನ್ನು ಏರಿಸುತ್ತದೆ. ಜೀಪುಗಳ ಬ್ಯಾಟರಿ ವಿಂಚಿಗೂ ಓಟ ಏರಿಸಲೇಬೇಕು; ಇಲ್ಲವಾದರೆ ವಿಂಚ್ ಹೀರುವ ವಿದ್ಯುತ್ತಿಗೆ ಬ್ಯಾಟರಿ ಬರಿದಾಗುತ್ತದೆ.

ಇದನ್ನೆಲ್ಲ ನಾವು ಕನ್ನಡದಲ್ಲಿ ಹೇಳಿದಾಗ ತಾಯಿಯವರು, "ನಮ್ಮ ಕಡೆ ನಾಟಾ ಎಳೆಯೋ ಆನೆಯೂ ಹಾಗೇ ಕಣೋ. ಮೊದಲು ಕಾಲೂರಿ ನಿಲ್ಲತ್ತೆ, ಆಮೇಲೆ ಎಳೆಯತ್ತೆ. ಎಳೀತಾ ಎಳೀತಾ ಶಕ್ತಿ ಹುಡುಕಕ್ಕೆ ಹೋಗಲ್ಲ" ಎಂದರು. ಉಸ್ತಾದರಿಗೆ ಇದನ್ನು ಹಿಂದಿಗೆ ತಿರುಗಿಸಿ ಹೇಳಿದೆವು. ಅವರು ತಾಯಿಯವರಿಗೆ ಕೈಮುಗಿದು, "ಮಾತಾಜಿ ಸರಿಯಾಗಿ ಹೇಳಿದರು" ಎಂದರು. ಹಣವನ್ನು ಮುಟ್ಟಲಿಲ್ಲ. ಕೋಡುಬಳೆಯ ಡಬ್ಬಿಯನ್ನು ಮಾತ್ರ ತೆಗೆದುಕೊಂಡರು.

ಉಳಿದದ್ದು ನಮ್ಮ ಲೆಕ್ಕ. ರಾತ್ರಿ ಹುಡುಗನ ಬಳಿ ಹೋಗಿ, "ತಪ್ಪು ನಮ್ಮದಪ್ಪ" ಎಂದೆವು. ಅವನು ಗಾಡಿಯ ಕೆಳಗಿನಿಂದ ತಲೆ ಹೊರಗೆ ಹಾಕಿ, "ಗಾಡಿ ಉಳಿಯಿತಲ್ಲ ಸಾಬ್" ಎಂದ. ಸೈಲೆನ್ಸರು ಕಲ್ಲಿಗೆ ಬಡಿದು ಮುರಿದಿತ್ತು. ಅವನು ಬೈದಿದ್ದರೆ ನಮಗೆ ನಿದ್ದೆ ಬರುತ್ತಿತ್ತು.

ಮರುದಿನ ಬೆಳಿಗ್ಗೆ ಐದೂವರೆಗೆ ನಡೆದುಹೋಗಿ ಆ ನಾಲಾವನ್ನು ನೋಡಿದೆವು. ಮೊಣಕಾಲೂ ಮುಳುಗದಷ್ಟು ನೀರು, ಕರುವಿನಂತೆ ಸಾಧುವಾಗಿ ಹರಿಯುತ್ತಿತ್ತು. ದಾಟಬಹುದಾಗಿತ್ತು. ಆದರೆ ತಾಯಿಯವರ ತಲೆನೋವು ಇಳಿದಿರಲಿಲ್ಲ. ತಲೆನೋವಿದ್ದವರನ್ನು ಇನ್ನೂ ಎತ್ತರಕ್ಕೆ ಕರೆದೊಯ್ಯುವುದು ಅಪಾಯ. ಚಂದ್ರತಾಲವನ್ನು ನೋಡದೆಯೇ ನಾವು ಮನಾಲಿಗೆ ಹಿಂದಿರುಗಿದೆವು. ಕೆಳಗಿಳಿದಂತೆ ಅವರ ನೋವೂ ಇಳಿಯಿತು.

ಮೂರು ತಿಂಗಳ ಮೇಲೆ, ಮೊಹರಿನ ಕಾಗದದ ಬಲದಿಂದ ನಮ್ಮ ಬಿಲ್ಲು ಪಾಸಾಯಿತು. ಬಂದ ಹಣವನ್ನು ಹುಡುಗನಿಗೆ ಸೈಲೆನ್ಸರಿನ ಬಾಬ್ತು ಕಳುಹಿಸಿದೆವು. ಅವನು, "ಮುಂದಿನ ವರ್ಷ ಬನ್ನಿ ಸಾಬ್, ಐದು ಗಂಟೆಗೆ" ಎಂದು ತಿಳಿಸಿದ.

ಸಂಘದ ಬಾಂಧವರಲ್ಲಿ ಯಾರಾದರೂ ಆ ಕಡೆ ಹೊರಡುವವರಿದ್ದರೆ ನಮ್ಮದೊಂದು ಬಿನ್ನಹ. ಗಾಡಿಯ ಹುಡುಗ ಹೇಳಿದ ಹೊತ್ತಿಗೆ ಹೊರಡಿ. ಮನೆಯ ಹಿರಿಯರ ಚೀಲವನ್ನು ನೋಡಿ ನಗಬೇಡಿ. ನಮ್ಮ ಮನೆಯ ಹಗ್ಗದ ಮೇಲೆ ಈಗ ಹತ್ತೇ ಕ್ಲಿಪ್ಪುಗಳಿವೆ. ಉಳಿದೆರಡನ್ನು ಉಸ್ತಾದ್ ಕೇಳಿ ಇಟ್ಟುಕೊಂಡರು.